ಆಪ್-ಆಂಪ್ ಅಳೆಯುವಾಗ ಸಿಗ್ನಲ್ ಎಷ್ಟು ದೊಡ್ಡದಿರಬೇಕು?

ಕೇಳುಗರಿಗೆ ನಮಸ್ಕಾರ.

ಕಾರವಾರ, ಅಂಕೋಲಾ, ಶಿರಸಿ ಕಡೆ ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿರುವವರು ಒಂದು ಪೆನ್ನು ಇಟ್ಟುಕೊಂಡು ಕೇಳಿ. ಇವತ್ತು ಆಪ್-ಆಂಪ್‌ನ, ಅಂದರೆ ಸಿಗ್ನಲ್ ದೊಡ್ಡದು ಮಾಡುವ ಐಸಿಯ, ಸ್ಲ್ಯೂ ರೇಟ್ ಮತ್ತು ಗೇನ್ ಬ್ಯಾಂಡ್‌ವಿಡ್ತ್ ಅಳೆಯುವ ಮಾತು. ಔಟ್‌ಪುಟ್ ವೋಲ್ಟೇಜ್ ಹೆಚ್ಚೆಂದರೆ ಎಷ್ಟು ವೇಗದಲ್ಲಿ ಏರಿಳಿಯಬಲ್ಲದು ಅನ್ನುವುದು ಸ್ಲ್ಯೂ ರೇಟ್. ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವುದು ಗೇನ್; ಅದನ್ನು ಆ ಗೇನ್ ಉಳಿಯುವ ಫ್ರೀಕ್ವೆನ್ಸಿಯ ಮಿತಿಯಿಂದ ಗುಣಿಸಿದರೆ ಗೇನ್ ಬ್ಯಾಂಡ್‌ವಿಡ್ತ್. ಇವೆರಡನ್ನೂ ಒಂದೇ ಅಳತೆಯ ಸಿಗ್ನಲ್ ಕೊಟ್ಟು ಅಳೆಯಲು ಹೋದರೆ ಲೆಕ್ಕ ಎಡವುತ್ತದೆ. ಸ್ಲ್ಯೂ ರೇಟಿಗೆ ದೊಡ್ಡ ಸಿಗ್ನಲ್ ಬೇಕು. ಗೇನ್ ಬ್ಯಾಂಡ್‌ವಿಡ್ತ್‌ಗೆ ಸಣ್ಣದು.

ಲ್ಯಾಬಿನಲ್ಲಿ ಸಿಗುವ 741 ಐಸಿಯನ್ನೇ ತೆಗೆದುಕೊಳ್ಳೋಣ. ಫೇರ್‌ಚೈಲ್ಡ್ ಕಂಪನಿಯಲ್ಲಿದ್ದ ಡೇವ್ ಫುಲ್ಲಗರ್ ವಿನ್ಯಾಸ ಮಾಡಿದ ಈ ಐಸಿ 1968ರಲ್ಲಿ ಬಂತು. ಅದಕ್ಕೂ ಮುಂಚಿನ 709ಕ್ಕೆ ಹೊರಗಿಂದ ಕೆಪಾಸಿಟರ್ ಜೋಡಿಸಬೇಕಿತ್ತು. 741ರಲ್ಲಿ 30 ಪಿಕೋಫ್ಯಾರಡ್ ಕೆಪಾಸಿಟರ್ ಒಳಗೇ ಇದೆ. ಅದಕ್ಕೆ ಸಿಗುವ ಕರೆಂಟ್ ಹೆಚ್ಚೆಂದರೆ 15–20 ಮೈಕ್ರೋಆಂಪ್. ಸಣ್ಣ ನಲ್ಲಿಯಿಂದ ಹಂಡೆ ತುಂಬಿದ ಹಾಗೆ, ನೀವೆಷ್ಟು ಅವಸರ ಮಾಡಿದರೂ ಅದು ತನ್ನ ವೇಗದಲ್ಲೇ ತುಂಬುತ್ತದೆ. ಕರೆಂಟನ್ನು ಕೆಪಾಸಿಟರ್‌ನಿಂದ ಭಾಗಿಸಿ ನೋಡಿ. ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್‌ನ ಆಸುಪಾಸು ಬರುತ್ತದೆ. ಇದೇ ಸ್ಲ್ಯೂ ರೇಟ್. ಡೇಟಾಶೀಟ್ ಹೇಳುವುದೂ ಅದನ್ನೇ.

ಈಗ ಅಳೆಯೋಣ. ಪ್ಲಸ್, ಮೈನಸ್ 15 ವೋಲ್ಟ್ ಸಪ್ಲೈ ಕೊಡಿ. ಔಟ್‌ಪುಟ್ ಆದ ಆರನೇ ಪಿನ್ನನ್ನು ಇನ್ವರ್ಟಿಂಗ್ ಇನ್‌ಪುಟ್ ಆದ ಎರಡನೇ ಪಿನ್ನಿಗೆ ಸೇರಿಸಿ. ಔಟ್‌ಪುಟ್‌ನಿಂದ ಗ್ರೌಂಡಿಗೆ 2 ಕಿಲೋಓಮ್ ಹಾಕಿ. ಮೂರನೇ ಪಿನ್ನಿಗೆ ಪೀಕ್‌ನಿಂದ ಪೀಕ್‌ಗೆ 10 ವೋಲ್ಟ್‌ನ ಸ್ಕ್ವೇರ್ ವೇವ್ ಕೊಡಿ, 5 ಕಿಲೋಹರ್ಟ್ಸ್ ಸಾಕು. ಔಟ್‌ಪುಟ್‌ನಲ್ಲಿ ನೆಟ್ಟಗೆ ಏರಬೇಕಿದ್ದ ಅಂಚು ಇಳಿಜಾರಾಗಿ ಕಾಣುತ್ತದೆ. ಮೂಲೆಗಳು ದುಂಡಾಗಿರುತ್ತವೆ, ಅವನ್ನು ಬಿಟ್ಟುಬಿಡಿ. ಶೇಕಡಾ 10ರಿಂದ 90ರವರೆಗಿನ ಭಾಗ ಮಾತ್ರ ಅಳೆಯಿರಿ. 8 ವೋಲ್ಟ್ ಏರಲು 16 ಮೈಕ್ರೋಸೆಕೆಂಡ್ ಹಿಡಿದರೆ ಉತ್ತರ 0.5. ಇಳಿಯುವ ಅಂಚನ್ನೂ ಅಳೆದು, ಎರಡರಲ್ಲಿ ಕಡಿಮೆ ಇರುವುದನ್ನು ಬರೆದುಕೊಳ್ಳಿ.

ಗೇನ್ ಬ್ಯಾಂಡ್‌ವಿಡ್ತ್‌ಗೆ 1 ಕಿಲೋಓಮ್, 10 ಕಿಲೋಓಮ್ ಹಾಕಿ 11 ಪಟ್ಟು ಗೇನ್‌ನ ನಾನ್-ಇನ್ವರ್ಟಿಂಗ್ ಸರ್ಕ್ಯೂಟ್ ಕಟ್ಟಿ. ಇನ್‌ಪುಟ್ ಬರೀ 20 ಮಿಲಿವೋಲ್ಟ್‌ನ ಸೈನ್ ವೇವ್. 1 ಕಿಲೋಹರ್ಟ್ಸ್‌ನಲ್ಲಿ ಔಟ್‌ಪುಟ್ ನೋಡಿಕೊಂಡು ಫ್ರೀಕ್ವೆನ್ಸಿ ಏರಿಸುತ್ತಾ ಹೋಗಿ. ಔಟ್‌ಪುಟ್ ಮೊದಲಿನದರ 0.7ರಷ್ಟಕ್ಕೆ ಇಳಿದಾಗ ನಿಲ್ಲಿಸಿ. ಸುಮಾರು 90 ಕಿಲೋಹರ್ಟ್ಸ್ ಇರುತ್ತದೆ. 11ರಿಂದ ಗುಣಿಸಿದರೆ 1 ಮೆಗಾಹರ್ಟ್ಸ್.

ಇದೇ ಸರ್ಕ್ಯೂಟಿಗೆ, ಅಲೆ ತೋರಿಸುವ ಸಿಆರ್‌ಓದಲ್ಲಿ ಚೆನ್ನಾಗಿ ಕಾಣಲಿ ಅಂತ ಪೀಕ್‌ನಿಂದ ಪೀಕ್‌ಗೆ 1 ವೋಲ್ಟ್ ಕೊಟ್ಟಿರಿ ಅನ್ನಿ. ಔಟ್‌ಪುಟ್ 11 ವೋಲ್ಟ್ ಆಯಿತು. 15 ಕಿಲೋಹರ್ಟ್ಸ್ ದಾಟುತ್ತಿದ್ದಂತೆ ಸೈನ್ ವೇವ್ ನಿಧಾನವಾಗಿ ತ್ರಿಕೋನವಾಗತೊಡಗುತ್ತದೆ. 30 ಕಿಲೋಹರ್ಟ್ಸ್ ಚಿಲ್ಲರೆಗೇ 0.7 ತಲುಪುತ್ತದೆ. ಲೆಕ್ಕ ಹಾಕಿದರೆ 350 ಕಿಲೋಹರ್ಟ್ಸ್, ಅಂದರೆ ನಿಜವಾದದ್ದರ ಮೂರನೇ ಒಂದು! ಇಲ್ಲಿ ಐಸಿಯದ್ದೇನೂ ತಪ್ಪಿಲ್ಲ. ನೀವು ಅಳೆದದ್ದು ಸ್ಲ್ಯೂ ರೇಟ್ ಅಷ್ಟೇ.

ಯಾವ ಮಿತಿ ಅಡ್ಡ ಬಂದಿದೆ ಅಂತ ತಿಳಿಯಲು ನನಗೆ ಇಷ್ಟವಾದ ಉಪಾಯ ಒಂದಿದೆ. ಸ್ಕ್ವೇರ್ ವೇವ್ ಕೊಟ್ಟು ಇನ್‌ಪುಟ್ಟನ್ನು ಎರಡು ಪಟ್ಟು ಮಾಡಿ. ಅಂಚಿನ ಇಳಿಜಾರೂ ಎರಡು ಪಟ್ಟು ಕಡಿದಾದರೆ ಅದು ಬ್ಯಾಂಡ್‌ವಿಡ್ತ್ ಮಿತಿ. ಇಳಿಜಾರು ಇದ್ದಹಾಗೇ ಇದ್ದರೆ ಸ್ಲ್ಯೂ ರೇಟ್.

ಇದೆಲ್ಲ ಬರೀ ಪರೀಕ್ಷೆಗಲ್ಲ. ಕಾರವಾರದ ಬೈತಖೋಲ್ ಮೀನುಗಾರಿಕೆ ಬಂದರಿಗೆ ಹೋಗಿ ಬರುವ ನಿಮಗೆ ಬೋಟಿನ ಫಿಶ್ ಫೈಂಡರ್ ಗೊತ್ತಿರಬೇಕು, ಅಲ್ವಾ? ನೀರಿಗೆ ಶಬ್ದ ಕಳಿಸಿ ಮರುದನಿ ಹಿಡಿಯುವ ಯಂತ್ರ ಅದು. ಸಾಮಾನ್ಯವಾಗಿ 50 ಇಲ್ಲವೇ 200 ಕಿಲೋಹರ್ಟ್ಸ್ ಬಳಸುತ್ತದೆ. ತೀರಾ ಕ್ಷೀಣವಾದ ಆ ಮರುದನಿಯನ್ನು ದೊಡ್ಡದು ಮಾಡಲು 741 ಹಾಕಿದರೆ? 200 ಕಿಲೋಹರ್ಟ್ಸ್‌ನಲ್ಲಿ ಅದು ಕೊಡುವ ಗೇನ್ ಐದು ಪಟ್ಟಷ್ಟೇ. ಆಕಾರ ಕೆಡದೆ ಏರಬಲ್ಲ ಪೀಕ್ ಬರೀ 0.4 ವೋಲ್ಟ್. ಅಲ್ಲಿಗೆ ಕತೆ ಮುಗಿಯಿತು. ಟಿಎಲ್071 ಆಪ್-ಆಂಪ್ ಹಾಕಿದರೆ ಸ್ಲ್ಯೂ ರೇಟ್ ಮೈಕ್ರೋಸೆಕೆಂಡಿಗೆ 13 ವೋಲ್ಟ್, ಗೇನ್ ಬ್ಯಾಂಡ್‌ವಿಡ್ತ್ 3 ಮೆಗಾಹರ್ಟ್ಸ್. ಪೀಕ್ 10 ವೋಲ್ಟ್‌ವರೆಗೆ ಹೋಗುತ್ತದೆ, ಆದರೆ ಗೇನ್ ಮಾತ್ರ 15. ಜಾಸ್ತಿ ಬೇಕಿದ್ದರೆ ಎರಡು ಮೂರು ಹಂತ ಜೋಡಿಸಲೇಬೇಕು.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಬ್ರೆಡ್‌ಬೋರ್ಡಿನ ಒಳಗಿನ ಕ್ಲಿಪ್ಪುಗಳು ಕಿಲುಬು ಹಿಡಿಯುತ್ತವೆ. ಅಲೆ ಸುಮ್ನೆ ನಡುಗಿದರೆ ಮೊದಲು ವೈರುಗಳ ಜಾಗ ಬದಲಿಸಿ ನೋಡಿ. ಸಪ್ಲೈ ಪಿನ್ನುಗಳ ಹತ್ತಿರವೇ ಒಂದೊಂದು 104, ಅಂದರೆ 0.1 ಮೈಕ್ರೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಹಾಕಿ. ಪ್ರೋಬನ್ನು ಹತ್ತು ಪಟ್ಟಿನ ಸ್ಥಾನದಲ್ಲಿಡಿ. ಜನರೇಟರ್‌ನ ಸ್ಕ್ವೇರ್ ವೇವನ್ನು ನೇರವಾಗಿ ಸಿಆರ್‌ಓಗೆ ಕೊಟ್ಟು, ಅದರ ಅಂಚು ಎಷ್ಟು ಚುರುಕು ಅಂತಲೂ ನೋಡಿಕೊಳ್ಳಿ. 741ಕ್ಕೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಆದರೆ ಮೈಕ್ರೋಸೆಕೆಂಡಿಗೆ 70 ವೋಲ್ಟ್ ಏರುವ ಎಲ್‌ಎಂ318 ಅಳೆಯುವಾಗ, ಪುಸ್ತಕದಲ್ಲಿ ಬರೆದುಕೊಂಡದ್ದು ಜನರೇಟರ್‌ನ ವೇಗವೇ ಆಗಿಬಿಡಬಹುದು.

ನಮಸ್ಕಾರ.