ಮನೆಯ ಹಿಂದಿನ ಖಾಲಿ ಜಾಗಕ್ಕೆ ಎಷ್ಟು ಬೆಲೆ?

ಇದು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಕಳೆದ ತಿಂಗಳು ನಾನು ನೋಂದಣಿ ಮಾಡಿಸಿಕೊಂಡ ಮನೆ. ನಿವೇಶನ 40 ಅಡಿ ಅಗಲ, 80 ಅಡಿ ಉದ್ದವಿದೆ. ಮುಂಭಾಗದಲ್ಲಿ ಕೆಳಗೊಂದು, ಮೇಲೊಂದು ಬಾಡಿಗೆ ಮನೆ. ಹಿಂದೆ ಒಂದು ತೆಂಗಿನ ಮರ ಮತ್ತು ಸುಮಾರು 35 ಅಡಿ ಉದ್ದದ ಖಾಲಿ ಜಾಗ. ಮಾರುವವರು ಹೇಳಿದ್ದು 1 ಕೋಟಿ 80 ಲಕ್ಷ ರೂಪಾಯಿ. ಎರಡೂ ಮನೆಗಳಿಂದ ಬರುವ ಬಾಡಿಗೆ ತಿಂಗಳಿಗೆ 24,000, ಅಂದರೆ ಹಾಕುವ ಹಣಕ್ಕೆ ವರ್ಷಕ್ಕೆ ಶೇಕಡಾ 1.6 ಮಾತ್ರ. ಬ್ಯಾಂಕಿನ ಠೇವಣಿಯೇ ಇದಕ್ಕಿಂತ ಹೆಚ್ಚು ಕೊಡುವುದರಿಂದ, ಇಡೀ ವ್ಯಾಪಾರ ಆ ಖಾಲಿ ಜಾಗದ ಮೇಲೆ ನಿಂತಿತ್ತು.

"ಇನ್ನೊಂದು ಸೈಟೇ ಪುಕ್ಕಟೆ ಸಿಕ್ಕಿದ ಹಾಗೆ ಸಾರ್" ಎಂದರು ಮಧ್ಯವರ್ತಿ. ಪುಕ್ಕಟೆಯಾಗಿದ್ದರೆ ಬೆಲೆಯಲ್ಲಿ ಅದನ್ನೇಕೆ ಸೇರಿಸಿದ್ದರೋ! ಟೇಪು ಹಿಡಿದು ಅಳೆದಾಗ, ಹಿಂದಿನ ಜಾಗಕ್ಕೆ ಹೋಗಲು ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ ಇದ್ದ ಹಾದಿ ಐದು ಅಡಿ ಮೂರು ಅಂಗುಲವಿತ್ತು. ಕೆಳಮನೆಯವರ ನೀರಿನ ತೊಟ್ಟಿ ಇರುವಲ್ಲಿ ಮೂರು ಅಡಿಯೂ ಇರಲಿಲ್ಲ. ಹಾಗಾದರೆ ಹಿಂದಿನ ಕನ್ಸರ್ವೆನ್ಸಿ ಕಡೆಗೆ ಗೇಟು ಇಡಿ ಎಂದರು ಮಧ್ಯವರ್ತಿ. ಹಿಂದೆ ಮಲ ಹೊರುವವರು ಓಡಾಡಲೆಂದು ಮನೆಗಳ ಬೆನ್ನಿಗೆ ಬಿಟ್ಟ, ಈಗ ಒಳಚರಂಡಿಯ ಕೊಳವೆ ಹಾದುಹೋಗುವ ಆ ಕಿರಿದಾದ ಓಣಿಯನ್ನು ಮೈಸೂರಿನವರು ಚೆನ್ನಾಗಿ ಬಲ್ಲರು. ಹಳೆಯ ಕ್ರಯಪತ್ರದ ಚೆಕ್ಕುಬಂದಿಯಲ್ಲಿಯೂ (ನಾಲ್ಕು ಕಡೆಯ ಗಡಿಯ ವಿವರದಲ್ಲಿ) "ಪೂರ್ವಕ್ಕೆ ಕನ್ಸರ್ವೆನ್ಸಿ ಓಣಿ" ಎಂದೇ ಇತ್ತು. ರಸ್ತೆ ಎಂಬ ಪದ ಎಲ್ಲಿಯೂ ಇರಲಿಲ್ಲ. ಅದನ್ನು ರಸ್ತೆಯೆಂದು ನಂಬಿ ಹಣ ಎಣಿಸುವ ಧೈರ್ಯ ನನಗಾಗಲಿಲ್ಲ.

ಇದಲ್ಲದೆ, ಒಂದು ನಿವೇಶನವನ್ನು ಎರಡಾಗಿ ಒಡೆಯಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಂತೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. ಆದ್ದರಿಂದ ಹಿಂದಿನ ಜಾಗವನ್ನು ಬಿಡಿಯಾಗಿ ಮಾರುವ ಸೈಟೆಂದು ಎಣಿಸದೆ, ಒಂದೇ ಖಾತೆಯಲ್ಲಿ, ಸುತ್ತ ಬಿಡಬೇಕಾದ ಜಾಗವನ್ನು ಬಿಟ್ಟು, ಮುಂದೆಂದಾದರೂ ಇನ್ನೊಂದು ಸಣ್ಣ ಬಾಡಿಗೆ ಮನೆ ಕಟ್ಟಬಹುದಾದ ಹಿತ್ತಿಲೆಂದು ಎಣಿಸಿ, ಮೂರು ವಾರ ಚೌಕಾಸಿ ಮಾಡಿದ ಮೇಲೆ ಮಾತು 1 ಕೋಟಿ 65 ಲಕ್ಷಕ್ಕೆ ನಿಂತಿತು. ಮುದ್ರಾಂಕ ಶುಲ್ಕ, ಉಪಕರಗಳು ಮತ್ತು ನೋಂದಣಿ ಶುಲ್ಕ ಸೇರಿ ಶೇಕಡಾ 7.6, ಅಂದರೆ 12 ಲಕ್ಷ 54 ಸಾವಿರ ರೂಪಾಯಿ ಬೇರೆ.

ಬಾಡಿಗೆದಾರರು ಕೊಟ್ಟಿದ್ದ ಅಡ್ವಾನ್ಸ್ 2 ಲಕ್ಷ 20 ಸಾವಿರವನ್ನು ಮರೆಯುವುದರಲ್ಲಿದ್ದೆ. ಅವರು ಮನೆ ಬಿಡುವಾಗ ಆ ಹಣಕ್ಕೆ ಹೊಸ ಮಾಲೀಕನ ಮುಖವನ್ನೇ ನೋಡುತ್ತಾರೆ. ಹಾಗಾಗಿ ಅದನ್ನು ಕೊಡಬೇಕಾದ ಹಣದಲ್ಲಿ ಮುರಿದುಕೊಂಡು, ಹಾಗೆಂದು ಕ್ರಯಪತ್ರದಲ್ಲಿಯೇ ಬರೆಸಿದೆ.

ತೆಂಗಿನ ಮರದಿಂದ ಕಾಂಪೌಂಡಿನವರೆಗೆ ಕಟ್ಟಿರುವ, ಬಟ್ಟೆ ಒಣಹಾಕುವ ಹಗ್ಗ ಮೇಲಿನ ಮನೆಯ ಅಜ್ಜಿಯದು. ಕೀಲಿಕೈ ತೆಗೆದುಕೊಳ್ಳಲು ಬಂದ ದಿನ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ಕಟ್ಟೋಕೆ ಮುಂಚೆ ಒಂದು ಮಾತು ಹೇಳಪ್ಪ, ಹಗ್ಗ ಬಿಚ್ಕೋತೀನಿ."