ಮುಂಗಡ ಕಟ್ಟುವ ಮೊದಲು: ಪರದೇಶದ ಆರೋಹಣ ಮತ್ತು ಜೀವದ ಲೆಕ್ಕ

(ಧಾರವಾಡದಲ್ಲಿ ಆರೋಹಣಾಸಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತವರಲ್ಲಿ ಬಹಳ ಮಂದಿ ಶನಿವಾರ-ಭಾನುವಾರ ಬಾದಾಮಿಯ ಕೆಂಪುಕಲ್ಲಿನ ಮೇಲೆ ಕೈ ಪಳಗಿಸಿಕೊಂಡವರು. ಹುಬ್ಬಳ್ಳಿಯಿಂದ ಎರಡು-ಮೂರು ತಾಸಿನ ದಾರಿಯಲ್ಲಿ ಅಂಥ ಬಂಡೆ ಇರುವುದು ನಮ್ಮ ಭಾಗ್ಯ. ಈಗ ನಿಮ್ಮಲ್ಲಿ ಕೆಲವರು ಥಾಯ್ಲೆಂಡಿನ ರೈಲೇ ಎಂಬ ಕಡಲದಂಡೆಯ ಬಂಡೆಗಳು, ನೇಪಾಳದ ಐಲ್ಯಾಂಡ್ ಪೀಕ್ ಶಿಖರ, ಆಫ್ರಿಕಾದ ಕಿಲಿಮಂಜಾರೋ ಎಂದು ಮಾತಾಡತೊಡಗಿದ್ದೀರಿ. ಖಂಡಿತ ಹೋಗಿ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಪರದೇಶದ ಪರ್ವತದಲ್ಲಿ ಜೀವ ಉಳಿಸುವ ತೀರ್ಮಾನಗಳಲ್ಲಿ ಬಹುಪಾಲು ಇಲ್ಲೇ, ಊರಲ್ಲೇ, ಮುಂಗಡ ಕಟ್ಟುವ ಮೊದಲೇ ಆಗಬೇಕು. ರೊಕ್ಕ ಕಟ್ಟಿ, ಸೂಟಿ ಮಂಜೂರಾಗಿ, ಗೆಳೆಯರೆಲ್ಲ ಶುಭ ಹಾರೈಸಿ, ವಿಮಾನ ಹತ್ತಿದ ಮೇಲೆ "ಬೇಡ, ತಿರುಗಿ ಹೋಗೋಣ" ಎಂಬ ಮಾತು ಯಾರ ಬಾಯಿಂದಲೂ ಸುಲಭಕ್ಕೆ ಹೊರಡುವುದಿಲ್ಲ.

ಹಾಗಾಗಿ ಹಗ್ಗ-ಬೂಟುಗಳಿಗಿಂತ ಮೊದಲು ಸೂಟಿಯ ಲೆಕ್ಕ ಹಾಕೋಣ.

ಕಿಲಿಮಂಜಾರೋದ ಎತ್ತರ 5,895 ಮೀಟರ್. ಅಲ್ಲಿಗೆ ಹೋಗುವ ಮರಾಂಗು ದಾರಿಯ ಐದು ದಿನದ ಪ್ಯಾಕೇಜ್ ಎಲ್ಲಕ್ಕಿಂತ ಅಗ್ಗ. ಏಕೆ ಅಗ್ಗ ಎಂದರೆ ಅಲ್ಲಿನ ರಾಷ್ಟ್ರೀಯ ಉದ್ಯಾನದ ಶುಲ್ಕ ದಿನದ ಲೆಕ್ಕದಲ್ಲಿ ಬೀಳುತ್ತದೆ. ದಿನ ಕಡಿಮೆಯಾದರೆ ರೊಕ್ಕವೂ ಕಡಿಮೆ. ಈಗ ಮಲಗುವ ಎತ್ತರಗಳನ್ನು ನೋಡಿ. ಮೊದಲ ರಾತ್ರಿ ಮಂದಾರಾ, ಸುಮಾರು 2,700 ಮೀಟರ್. ಎರಡನೇ ರಾತ್ರಿ ಹೊರೊಂಬೊ, ಸುಮಾರು 3,700. ಮೂರನೇ ರಾತ್ರಿ ಕಿಬೋ, ಸುಮಾರು 4,700. ಅದೇ ನಡುರಾತ್ರಿ ಎದ್ದು ಶಿಖರಕ್ಕೆ. ಅಂದರೆ ಪ್ರತಿ ದಿನ ಸಾವಿರ ಮೀಟರ್ ಏರಿಕೆ. ವೈದ್ಯರು ಒಪ್ಪುವ ನಿಯಮವೋ, ತೆಳು ಗಾಳಿಗೆ ಮೈ ಒಗ್ಗಬೇಕಾದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಮೇಲೇರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎನ್ನುತ್ತದೆ. ಐದು ದಿನದ ಪ್ಯಾಕೇಜ್ ಈ ನಿಯಮವನ್ನು ಎರಡು ಪಟ್ಟು ಮುರಿಯುತ್ತದೆ. ಹೊರೊಂಬೊದಲ್ಲಿ ಒಂದು ರಾತ್ರಿ ಹೆಚ್ಚಿಗೆ ಉಳಿಯುವ ಆರು ದಿನದ್ದು ಸ್ವಲ್ಪ ವಾಸಿ. ಪಶ್ಚಿಮದಿಂದ ಬರುವ ಲೆಮೋಶೋ ದಾರಿಯ ಎಂಟು ದಿನದ್ದು ಇನ್ನೂ ಒಳ್ಳೆಯದು. ಐದು ದಿನಕ್ಕಷ್ಟೇ ರೊಕ್ಕ ಇದ್ದರೆ ಇನ್ನೊಂದು ವರ್ಷ ಕೂಡಿಡಿ. ಇದರಲ್ಲಿ ನನಗೆ ರಾಜಿ ಇಲ್ಲ.

ನೇಪಾಳದಲ್ಲಿ ಎವರೆಸ್ಟ್, ಐಲ್ಯಾಂಡ್ ಪೀಕ್ ಇರುವ ಖುಂಬು ಕಣಿವೆಗೂ ಇದೇ ಲೆಕ್ಕ. ಲುಕ್ಲಾ 2,860 ಮೀಟರ್, ನಾಮ್ಚೆ 3,440, ದಿಂಗ್ಬೋಚೆ ಸುಮಾರು 4,400. ನಾಮ್ಚೆ ಮತ್ತು ದಿಂಗ್ಬೋಚೆಯಲ್ಲಿ ಎರಡೆರಡು ರಾತ್ರಿ ಇಲ್ಲದ ಕಾರ್ಯಕ್ರಮ ಪಟ್ಟಿಯನ್ನು ಯಾರೇ ಕೊಡಲಿ, ತಿರುಗಿಸಿ ಕೊಡಿ. ಲುಕ್ಲಾಕ್ಕೆ ಹಾರುವ ಸಣ್ಣ ವಿಮಾನಗಳು ಮೋಡ ಬಂದರೆ ಏಳುವುದಿಲ್ಲ, ಹೀಗಾಗಿ ಕಡೆಗೆ ಕನಿಷ್ಠ ಎರಡು ದಿನ ಖಾಲಿ ಇರಲಿ. ಸೋಮವಾರ ಆಫೀಸಿಗೆ ಹಾಜರಾಗಲೇಬೇಕು ಎಂಬ ಒತ್ತಡ ಇದ್ದವನು ಶುಕ್ರವಾರದ ಕೆಟ್ಟ ಹವೆಯಲ್ಲೂ ಹೊರಡುತ್ತಾನೆ. ಕೈಯಲ್ಲಿರುವ ಹೆಚ್ಚುವರಿ ದಿನವನ್ನು ನಾನು ಹೆಲ್ಮೆಟ್ಟಿನಷ್ಟೇ ಮುಖ್ಯವಾದ ಸಾಮಾನು ಎಂದು ಎಣಿಸುತ್ತೇನೆ.

ಮೈ ಒಗ್ಗುವ ಮೊದಲೇ ಬೇಗ ಏರಿದರೆ ಬರುವ ಎತ್ತರದ ಕಾಯಿಲೆ ನಮ್ಮ ಕಡೆಯವರಿಗೆ ಪರಿಚಯವೇ ಇಲ್ಲ. ಧಾರವಾಡ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮುಟ್ಟುವುದಿಲ್ಲ. ಕಪ್ಪತಗುಡ್ಡದಲ್ಲಿ ಹದಿನೈದು ಕೆಜಿ ಹೊತ್ತು ಎಷ್ಟೇ ಓಡಾಡಿದರೂ ಕಾಲಿಗೆ ಶಕ್ತಿ ಬಂದೀತು, ರಕ್ತಕ್ಕೆ ಆ ಎತ್ತರದ ಅಭ್ಯಾಸ ಬಾರದು. ಗಟ್ಟಿಮುಟ್ಟಾದ ಹುಡುಗರೇ ಬೇಗ ಬೇಗ ಏರಿ ಮೊದಲು ಕಾಯಿಲೆ ಬೀಳುವುದನ್ನು ಅಲ್ಲಿ ಕಾಣುತ್ತೇವೆ.

ತಲೆನೋವು, ಅದರ ಜೊತೆಗೆ ವಾಕರಿಕೆ, ಊಟ ಬೇಡವೆನಿಸುವುದು, ಸುಸ್ತು: ಇದು ಮೊದಲ ಹಂತ. ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು, ಒಣಕೆಮ್ಮು, ಆಮೇಲೆ ಗುಲಾಬಿ ನೊರೆಯ ಕಫ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಮಾತು ತೊದಲಿದರೆ, ನಡಿಗೆ ಜೋಲಿ ಹೊಡೆದರೆ ಮಿದುಳು ಊದಿಕೊಳ್ಳುತ್ತಿದೆ. ಇದನ್ನು ಪರೀಕ್ಷಿಸಲು ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಹತ್ತು ಹೆಜ್ಜೆ ನಡೆಸಿ. ಗೆರೆ ತಪ್ಪಿದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯಾದರೂ ಸರಿ, ಜೊತೆಗೊಬ್ಬರನ್ನು ಕೊಟ್ಟು ಕೆಳಗಿಳಿಸಿ. 300ರಿಂದ 1,000 ಮೀಟರ್ ಇಳಿದರೆ ಸಾಮಾನ್ಯವಾಗಿ ಗುಣ ಕಾಣುತ್ತದೆ. ರೋಗಿಯ "ನನಗೇನೂ ಆಗಿಲ್ಲ" ಎಂಬ ಮಾತನ್ನು ನಂಬಬೇಡಿ, ಹಾಗೆ ಹೇಳಿಸುತ್ತಿರುವುದು ಊದಿಕೊಂಡ ಅದೇ ಮಿದುಳು.

ಈ ಕಾಯಿಲೆ ತಡೆಯುವ ಮಾತ್ರೆ ಅಸೆಟಜೋಲಮೈಡ್, ಅಂದರೆ ಡಯಾಮಾಕ್ಸ್, ಏರುವ ಹಿಂದಿನ ದಿನದಿಂದ ದೊಡ್ಡವರಿಗೆ 125 ಮಿಲಿಗ್ರಾಂ ದಿನಕ್ಕೆರಡು ಬಾರಿ ಕೊಡುವುದು ರೂಢಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದವರು ಡಾಕ್ಟರಿಗೆ ತಪ್ಪದೆ ಹೇಳಬೇಕು. ಡಾಕ್ಟರು ಬರೆದುಕೊಟ್ಟರೆ ಇಲ್ಲೇ ಎರಡು ದಿನ ತೆಗೆದುಕೊಂಡು ನೋಡಿ. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ಅದರ ಸ್ವಭಾವ ಎಂದು ಗೊತ್ತಿದ್ದರೆ ಅಲ್ಲಿ ಗಾಬರಿಯಾಗುವುದಿಲ್ಲ. ನಿದ್ದೆ ಮಾತ್ರೆ ಮಾತ್ರ ಬೇಡ.

ಇನ್ನು ಮನುಷ್ಯರಿಂದ ಬರುವ ಅಪಾಯ. ಮನೆಯವರು ಮೊದಲು ಕೇಳುವುದೂ ಇದನ್ನೇ. 2000ದ ಆಗಸ್ಟಿನಲ್ಲಿ ಕಿರ್ಗಿಸ್ತಾನದ ಕಾರಾ-ಸೂ ಕಣಿವೆಯಲ್ಲಿ ನಾಲ್ವರು ಅಮೆರಿಕನ್ ಆರೋಹಿಗಳು ಬಂಡೆಗೋಡೆಗೆ ತೂಗುಹಾಸಿಗೆ ಕಟ್ಟಿ ಮಲಗಿದ್ದಾಗ ಬಂದೂಕುಧಾರಿಗಳು ಕೆಳಗಿನಿಂದ ಗುಂಡು ಹಾರಿಸಿ, ಇಳಿಸಿ, ಒತ್ತೆಯಾಗಿ ಹಿಡಿದರು. 2013ರ ಜೂನ್‌ನಲ್ಲಿ ಪಾಕಿಸ್ತಾನದ ನಂಗಾ ಪರ್ಬತದ ದಿಯಾಮಿರ್ ಶಿಬಿರಕ್ಕೆ ಸಮವಸ್ತ್ರ ತೊಟ್ಟು ನುಗ್ಗಿದವರು 11 ಜನರನ್ನು ಕೊಂದರು. 2018ರ ಡಿಸೆಂಬರಿನಲ್ಲಿ ಮೊರಾಕೊದ ತೂಬ್ಕಾಲ್ ಶಿಖರದ ದಾರಿಯಲ್ಲಿ ಟೆಂಟು ಹಾಕಿದ್ದ ಇಬ್ಬರು ಯುವತಿಯರ ಕೊಲೆಯಾಯಿತು. ಆ ಮೇಲೆ ಅಲ್ಲಿ ಸ್ಥಳೀಯ ಗೈಡ್ ಕಡ್ಡಾಯವಾಯಿತು, ದಾರಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಬಂತು.

ಇವನ್ನು ಹೇಳಿದ್ದು ಹೆದರಿಸುವುದಕ್ಕಲ್ಲ. ಇಂಥವು ಅಪರೂಪ. ಆದರೆ ಮೂರರಲ್ಲೂ ಸಮಾನವಾದದ್ದೊಂದಿದೆ: ನೆರವು ತಾಸುಗಟ್ಟಲೆ ದೂರ, ಮತ್ತು ಸಿಕ್ಕಿಬಿದ್ದವರು ತೆರೆದ ಜಾಗದಲ್ಲಿ ಮಲಗಿದ್ದರು. ಆದ್ದರಿಂದ "ಆ ದೇಶ ಸುರಕ್ಷಿತವೇ?" ಎಂದು ಕೇಳುವುದು ಸಾಲದು, ಆ ಜಿಲ್ಲೆ, ಆ ಕಣಿವೆ, ಆ ತಿಂಗಳು ಹೇಗಿದೆ ಎಂದು ಕೇಳಬೇಕು. ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆಯ ಜೊತೆ ಬ್ರಿಟನ್ ಸರ್ಕಾರದ ಪ್ರವಾಸ ಸೂಚನೆಯನ್ನೂ ಓದಿ. ಅದರಲ್ಲಿ ಅಪಾಯದ ಪ್ರದೇಶಗಳನ್ನು ನಕ್ಷೆಯಲ್ಲೇ ಬಣ್ಣ ಹಾಕಿ ತೋರಿಸಿರುತ್ತಾರೆ. ಗಡಿಯಿಂದ ಎಷ್ಟು ದೂರ, ಗಡಿವಲಯದ ಪರವಾನಗಿ ಬೇಕೇ ನೋಡಿ. ಒಂದು ಸಲ ಬುಕ್ ಮಾಡುವ ಮೊದಲು, ಇನ್ನೊಂದು ಸಲ ಹೊರಡುವ ವಾರ. ಹೆಣ್ಣುಮಕ್ಕಳು ಒಬ್ಬರೇ ಹೊರಟಿದ್ದರೆ ಗೈಡ್ ಯಾರು ಎಂಬುದನ್ನು ಹೆಸರು, ಲೈಸೆನ್ಸ್ ಸಂಖ್ಯೆ ಸಮೇತ ಮೊದಲೇ ಪಡೆಯಿರಿ, ಕೊನೇ ಗಳಿಗೆಯಲ್ಲಿ ಬೇರೆಯವರನ್ನು ಕಳಿಸಿದರೆ ನಿರಾಕರಿಸುವ ಹಕ್ಕು ಒಪ್ಪಂದದಲ್ಲೇ ಇರಲಿ. ಒಳಗಿನಿಂದ ಚಿಲಕವಿಲ್ಲದ ಕೋಣೆ ಬೇಡ.

ಬಂದೂಕಿಗೆ ಹೆದರುವವರು ರಾತ್ರಿ ಬಸ್ಸಿಗೆ ಹೆದರುವುದಿಲ್ಲ. ಆರೋಗ್ಯವಂತ ಪ್ರವಾಸಿಗರನ್ನು ಹೆಚ್ಚು ಬಲಿ ತೆಗೆದುಕೊಳ್ಳುವುದು ಮಾತ್ರ ರಸ್ತೆಯೇ. 2024ರ ಜುಲೈ 12ರ ನಸುಕಿನಲ್ಲಿ ನೇಪಾಳದ ನಾರಾಯಣಘಾಟ್-ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸು ತ್ರಿಶೂಲಿ ನದಿ ಪಾಲಾದವು; ಒಳಗಿದ್ದವರು ಅರವತ್ತಕ್ಕೂ ಹೆಚ್ಚು. ಮಳೆಗಾಲದಲ್ಲಿ ಬೆಟ್ಟದ ರಸ್ತೆಯ ಪ್ರಯಾಣ ಹಗಲಿನಲ್ಲೇ ಆಗಲಿ, ಅದಕ್ಕೂ ಒಂದು ದಿನ ಎತ್ತಿಡಿ.

ಹವೆಯ ವಿಷಯಕ್ಕೆ ಒಂದೇ ಉದಾಹರಣೆ ಸಾಕು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಎರಡು ದಿನದ ಮೇಲೆ ಅದರ ಉಳಿಕೆ ನೇಪಾಳದ ಅನ್ನಪೂರ್ಣಾ ಸುತ್ತಿನ ಚಾರಣದ ಥೊರಾಂಗ್ ಲಾ ಕಣಿವೆದಾರಿಯಲ್ಲಿ, 5,416 ಮೀಟರ್ ಎತ್ತರದಲ್ಲಿ, ಹಿಮವಾಗಿ ಸುರಿಯಿತು. ಆ ಸೀಮೆಯಲ್ಲಿ ಸತ್ತವರು 40ಕ್ಕೂ ಹೆಚ್ಚು. ನಮ್ಮ ದೇಶದ ಟಿವಿಗಳಲ್ಲೆಲ್ಲ ಆ ಚಂಡಮಾರುತದ ಸುದ್ದಿ ಓಡುತ್ತಿದ್ದಾಗ ದಾರಿಯಲ್ಲಿದ್ದ ಎಷ್ಟೋ ಚಾರಣಿಗರಿಗೆ ಅದು ಮುಟ್ಟಿರಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿತೆಂದರೆ ಊರಲ್ಲಿರುವ ಒಬ್ಬರು ನಿಮಗೆ ಸಂದೇಶ ಕಳಿಸುವ ವ್ಯವಸ್ಥೆ ಇರಬೇಕು.

ಈಗ ಬಂಡೆಯ ವಿಷಯ. ಬಾದಾಮಿಯಲ್ಲಿ ಕಲಿತವರು ಸಮುದ್ರದಂಡೆಯ ಸುಣ್ಣಕಲ್ಲಿಗೆ ಹೋದಾಗ ಎರಡು ಕಡೆ ಎಡವುತ್ತಾರೆ.

ಒಂದು, ಬೋಲ್ಟ್, ಅಂದರೆ ಹಗ್ಗ ಸಿಕ್ಕಿಸಲು ಬಂಡೆಗೆ ಕೊರೆದು ಕೂರಿಸಿದ ಲೋಹದ ಮೊಳೆ. ರೈಲೇ, ತೊನ್ಸಾಯ್‌ನಂಥ ಕಡೆ ಉಪ್ಪುಗಾಳಿಯ ಕ್ಲೋರೈಡ್, ಬಿಸಿ, ತೇವ, ಜೊತೆಗೆ ಬೋಲ್ಟ್ ಬಿಗಿದಾಗಿನ ಎಳೆತ, ಇವೆಲ್ಲ ಸೇರಿ ಸ್ಟೇನ್‌ಲೆಸ್ ಸ್ಟೀಲ್ ಒಳಗೊಳಗೇ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಹೊರಗೆ ಥಳಥಳ ಹೊಳೆಯುತ್ತಿರಬಹುದು, ತುಕ್ಕಿನ ಒಂದು ಚುಕ್ಕೆ ಮಾತ್ರ ಕಂಡೀತು. ಹೊಸದಾಗಿದ್ದಾಗ 20 ಕಿಲೋನ್ಯೂಟನ್‌ಗೂ ಮಿಕ್ಕಿ, ಅಂದರೆ ಸುಮಾರು ಎರಡು ಟನ್ನಿನ ಭಾರ, ತಡೆಯುತ್ತಿದ್ದದ್ದು ಕೆಲವೇ ವರ್ಷಗಳಲ್ಲಿ ಮನುಷ್ಯನ ಮೈಭಾರಕ್ಕೆ ಮುರಿದದ್ದುಂಟು. ಅದಕ್ಕೇ ಅಲ್ಲಿ ಟೈಟೇನಿಯಂ ಬೋಲ್ಟ್‌ಗಳನ್ನು ಅಂಟು ಹಾಕಿ ಕೂರಿಸುತ್ತ ಬಂದಿದ್ದಾರೆ. ಗುರುತು ಹೀಗೆ: ಟೈಟೇನಿಯಂನದು ಮಂಕು ಬೂದುಬಣ್ಣ, ನಟ್ಟು, ತಗಡು ಇರುವುದಿಲ್ಲ, ಒಂದೇ ಸರಳನ್ನು ಬಗ್ಗಿಸಿದ ಬಳೆ ಅಂಟಿನೊಳಗಿಂದ ಹೊರಬಂದಿರುತ್ತದೆ. ನಟ್ಟು ಬಿಗಿದು ತಗಡು ಕೂರಿಸಿದ ಹೊಳೆಯುವ ಬೋಲ್ಟ್ ಕಂಡರೆ ಆ ಮಾರ್ಗ ಬಿಟ್ಟುಬಿಡಿ. ಯಾವ ಮಾರ್ಗದ ಬೋಲ್ಟ್ ಬದಲಾಗಿದೆ ಎಂದು ಅಲ್ಲಿನ ಆರೋಹಣದ ಅಂಗಡಿಯವರು ಹೇಳುತ್ತಾರೆ, ಮೊದಲ ದಿನ ಅಲ್ಲಿಗೇ ಹೋಗಿ. ಬಂಡೆಯ ತೂತಿಗೆ ಪೋಣಿಸಿದ ಹಳೆಯ ಹಗ್ಗದ ತುಂಡುಗಳು ಬಿಸಿಲಿಗೆ ಬಣ್ಣ ಕಳೆದುಕೊಂಡಿದ್ದರೆ ಅವನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಎರಡು, ಹಗ್ಗದ ಉದ್ದ. ನಿಮ್ಮ 60 ಮೀಟರ್ ಹಗ್ಗ ಬಾದಾಮಿಯಲ್ಲಿ ಸಾಕಾಗಿರಬಹುದು. ಗ್ರೀಸಿನ ಕಲಿಮ್ನೋಸ್‌ನಂಥಲ್ಲಿ 35, 40 ಮೀಟರಿನ ಮಾರ್ಗಗಳಿವೆ, 80 ಮೀಟರ್ ಹಗ್ಗ ಬೇಕು. ಮಾರ್ಗದ ಮೇಲ್ತುದಿಯಲ್ಲಿ ಹಗ್ಗ ಪೋಣಿಸುವ ಆಂಕರ್ 32 ಮೀಟರ್ ಎತ್ತರದಲ್ಲಿದೆ ಎನ್ನಿ. ಇಳಿಸುವಾಗ ಬಿಲೇ ಮಾಡುವವರ, ಅಂದರೆ ಕೆಳಗೆ ನಿಂತು ಹಗ್ಗ ಹಿಡಿಯುವವರ, ಕಡೆ 32 ಮೀಟರ್ ಹೋಯಿತು, ಉಳಿದದ್ದು 28. ಆರೋಹಿ ನೆಲದಿಂದ ನಾಲ್ಕು ಮೀಟರ್ ಮೇಲಿರುವಾಗಲೇ ಹಗ್ಗದ ತುದಿ ಬಿಲೇ ಸಾಧನದಿಂದ ಜಾರಿ ಹೋಗುತ್ತದೆ. ಬೆನ್ನುಮೂಳೆ ಮುರಿಯಲು ಅಷ್ಟು ಸಾಕು. ತಡೆಯುವುದಕ್ಕೆ ಬೇಕಾದದ್ದು ಒಂದು ಗಂಟು: ಹಗ್ಗದ ಕೊನೆಗೆ ಡಬಲ್ ಫಿಶರ್‌ಮನ್ ಗಂಟು, ಬಾಲ ಮೂವತ್ತು ಸೆಂಟಿಮೀಟರ್. ಆರೋಹಿ ನೆಲ ಬಿಡುವ ಮೊದಲು ಇಬ್ಬರೂ ಅದನ್ನು ಕೈಯಿಂದ ಮುಟ್ಟಿ ನೋಡಬೇಕು.

ವಿಮೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಪಾಲಿಸಿಯನ್ನು ಪೂರ್ತಿ ಓದುವವರೇ ಕಡಿಮೆ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುತ್ತಾರೆ. ಹೆಚ್ಚುವರಿ ರೊಕ್ಕ ಕೊಟ್ಟು ಸೇರಿಸಿದರೂ ಒಳಗೆ ಇಂತಿಷ್ಟು ಮೀಟರಿನವರೆಗೆ ಎಂಬ ಮಿತಿ ಇರುತ್ತದೆ. "ಹಗ್ಗ ಅಥವಾ ಐಸ್ ಆ್ಯಕ್ಸ್ ಬಳಸುವ ಆರೋಹಣ ಹೊರತು" ಎಂಬ ಸಾಲು ಇರುತ್ತದೆ. ಐಲ್ಯಾಂಡ್ ಪೀಕ್ 6,100 ಮೀಟರ್ ದಾಟುತ್ತದೆ, ಹಗ್ಗವೂ ಬೇಕು, ಐಸ್ ಆ್ಯಕ್ಸೂ ಬೇಕು. ಹಾಗಾಗಿ ಕಂಪನಿಗೆ ಇಮೇಲ್ ಮಾಡಿ ಶಿಖರದ ಹೆಸರು, ಎತ್ತರ, ಬಳಸುವ ಸಾಮಾನು ಬರೆದು ಕೇಳಿ: ಇದು ಒಳಪಡುತ್ತದೆಯೇ? ಹುಡುಕಾಟ ಮತ್ತು ರಕ್ಷಣೆಯ ಖರ್ಚು ಕೊಡುತ್ತೀರಾ, ಇಲ್ಲ ಆಸ್ಪತ್ರೆಗೆ ಸಾಗಿಸುವುದಷ್ಟೇ ಕೊಡುತ್ತೀರಾ? ಹೆಲಿಕಾಪ್ಟರಿಗೆ ಮೊದಲೇ ಒಪ್ಪಿಗೆ ಬೇಕೇ, ಯಾವ ನಂಬರಿಗೆ? ಮೃತಪಟ್ಟರೆ ದೇಹವನ್ನು ಊರಿಗೆ ತರುವ ಖರ್ಚು ಸೇರಿದೆಯೇ? ಕೊನೆಯ ಪ್ರಶ್ನೆ ಕೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಕೇಳಿ. ಆ ಭಾರ ತಂದೆ-ತಾಯಿಯ ತಲೆ ಮೇಲೆ ಬೀಳಬಾರದು. ಫೋನಿನ ಬಾಯಿಮಾತು ಬೇಡ, ಉತ್ತರ ಬರಹದಲ್ಲಿ ಬರಲಿ.

ಒಂದೊಂದು ದೇಶದ ಪದ್ಧತಿ ಒಂದೊಂದು. ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಪರ್ವತದಿಂದ ಸರ್ಕಾರಿ ರಕ್ಷಣೆ ಉಚಿತ, ಆಸ್ಪತ್ರೆ ಉಚಿತವಲ್ಲ. ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋದರೆ ಹೆಲಿಕಾಪ್ಟರಿನ ಬಿಲ್ಲು ನಿಮ್ಮದೇ. ಅಲ್ಲಿ ರಕ್ಷಣಾ ಹೆಲಿಕಾಪ್ಟರ್ ಕರೆಯುವ ನಂಬರ್ 1414. ನೇಪಾಳದಲ್ಲಿ ರೊಕ್ಕದ ಖಾತರಿ ಇಲ್ಲದೆ ಹೆಲಿಕಾಪ್ಟರ್ ಏಳುವುದಿಲ್ಲ. ಅಲ್ಲೇ ವಿಮೆಯ ಆಸೆಗೆ ಬೇಡದ ರಕ್ಷಣೆ ಮಾಡಿಸುವ ದಂಧೆ 2018ರಲ್ಲಿ ಬಯಲಾಗಿತ್ತು. ಸಣ್ಣ ತಲೆನೋವಿಗೇ ಹೆಲಿಕಾಪ್ಟರ್ ಹತ್ತು ಎಂದು ಯಾರಾದರೂ ಒತ್ತಾಯಿಸಿದರೆ ನಿಮ್ಮ ಫೋನಿನಿಂದ ನೀವೇ ವಿಮೆಯವರಿಗೆ ಕರೆ ಮಾಡಿ, ಅಷ್ಟರಲ್ಲಿ ನಡೆದು ಕೆಳಗಿಳಿಯುತ್ತಿರಿ.

ಸಾಮಾನಿನಲ್ಲಿ ಎರಡು ಎಚ್ಚರಿಕೆ. ಉಪಗ್ರಹ ಸಂಪರ್ಕದ ಉಪಕರಣ, ಗಾರ್ಮಿನ್ ಇನ್‌ರೀಚ್ ಥರದ್ದೂ ಸೇರಿ, ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಗೋವಾ, ದಿಲ್ಲಿ ವಿಮಾನ ನಿಲ್ದಾಣಗಳಲ್ಲಿ ವಿದೇಶಿಯರನ್ನೇ ಹಿಡಿದಿದ್ದಾರೆ. ಬೇಕಿದ್ದರೆ ಅಲ್ಲಿಗೆ ಹೋಗಿ ಬಾಡಿಗೆಗೆ ಪಡೆದು, ಅಲ್ಲೇ ಹಿಂದಿರುಗಿಸಿ ಬನ್ನಿ. ಗ್ಯಾಸ್ ಡಬ್ಬಿ ವಿಮಾನಕ್ಕೆ ಬಿಡುವುದಿಲ್ಲ, ಅದನ್ನೂ ಅಲ್ಲೇ ಕೊಳ್ಳಿ. ನೇಪಾಳಕ್ಕೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಆಧಾರ್ ನಡೆಯುವುದಿಲ್ಲ, ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು.

ಕಡೆಯದಾಗಿ ಮನೆಯಲ್ಲಿ ಬಿಟ್ಟುಹೋಗುವ ಹಾಳೆ. ಪಾಸ್‌ಪೋರ್ಟ್ ಪುಟದ ಪ್ರತಿ, ಪಾಲಿಸಿ ಸಂಖ್ಯೆ, ವಿಮೆಯವರ 24 ಗಂಟೆಯ ನಂಬರ್, ಗೈಡ್ ಮತ್ತು ಏಜೆನ್ಸಿಯ ನಂಬರ್, ಭಾರತೀಯ ರಾಯಭಾರ ಕಚೇರಿಯ ತುರ್ತು ನಂಬರ್, ರಕ್ತದ ಗುಂಪು, ಅಲರ್ಜಿ, ಯಾವ ರಾತ್ರಿ ಯಾವ ಊರು ಎಂಬ ಪಟ್ಟಿ. ಅದರ ಕೆಳಗೆ ಗಡುವು, ಅಂದರೆ ಅಷ್ಟರೊಳಗೆ ನಿಮ್ಮ ಸುದ್ದಿ ಬರದಿದ್ದರೆ ಮನೆಯವರು ಕರೆ ಮಾಡತೊಡಗುವ ಹೊತ್ತು: ಖುಂಬುವಿನಂಥಲ್ಲಿ ಫೋನ್ ಸಿಗದೆ ಇರುವುದು ಮಾಮೂಲು, ಹಾಗಾಗಿ ನಿಗದಿತ ಹೊತ್ತಿನಿಂದ 24 ಗಂಟೆ, ಒಂದು ದಿನದ ಬಂಡೆ ಏರಿಕೆಗಾದರೆ ಕತ್ತಲಾಗಿ ಮೂರು ಗಂಟೆ. ಸಮಯವನ್ನೆಲ್ಲ ಭಾರತದ ಗಡಿಯಾರದಲ್ಲೇ ಬರೆಯಿರಿ. ಕಿಲಿಮಂಜಾರೋ ಇರುವ ಟಾಂಜಾನಿಯಾ ನಮಗಿಂತ ಎರಡೂವರೆ ತಾಸು ಹಿಂದೆ, ಥಾಯ್ಲೆಂಡ್ ಒಂದೂವರೆ ತಾಸು ಮುಂದೆ. ಗಡುವು ಮೀರಿದರೆ ಮೊದಲ ಕರೆ ಗೈಡ್‌ಗೆ, ಎರಡನೆಯದು ಏಜೆನ್ಸಿಗೆ, ಮೂರನೆಯದು ವಿಮೆಯವರಿಗೆ, ಆಮೇಲೆ ರಾಯಭಾರ ಕಚೇರಿಗೆ. ಹಾಳೆಯನ್ನು ಗಾಬರಿಯಾಗದ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಫೋನಿನಲ್ಲಿ ಗಟ್ಟಿಯಾಗಿ ಮಾತಾಡಬಲ್ಲವರ ಕೈಗೆ ಕೊಡಿ. ಅಣ್ಣನೋ ಅಕ್ಕನೋ ಗೆಳೆಯನೋ ಯಾರಾದರೂ ಸರಿ, ಹೊರಡುವ ಮುನ್ನ ಒಮ್ಮೆ ಅವರ ಜೊತೆ ಕೂತು ಸಾಲು ಸಾಲಾಗಿ ಓದಿಸಿ.

ಇನ್ನು ನಿಮ್ಮ ಪ್ರಶ್ನೆಗಳು. ಪಾಲಿಸಿಯ ಪ್ರತಿ ಅಥವಾ ಏಜೆನ್ಸಿಯ ಕಾರ್ಯಕ್ರಮ ಪಟ್ಟಿ ತಂದವರಿದ್ದರೆ ಮುಂದೆ ಬನ್ನಿ, ಮಲಗುವ ಎತ್ತರಗಳಿಂದಲೇ ಶುರು ಮಾಡೋಣ.