ಹತ್ತು ಪೌಂಡಿನ ಮೀನು-ಚಿಪ್ಸ್ ಡಬ್ಬಿ: ದುಡ್ಡು ಎಲ್ಲಿಗೆ ಹೋಗುತ್ತೆ?

[ದೃಶ್ಯ: ಕಂದು ರಟ್ಟಿನ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಹಬೆ ಏಳುತ್ತದೆ.]

ನಮಸ್ಕಾರ. ಈ ಡಬ್ಬಿಯಲ್ಲಿ ಇರೋದು ಒಂದು ತುಂಡು ಕಾಡ್ ಮೀನು, ಬಜ್ಜಿ ಥರ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಪಕ್ಕದಲ್ಲಿ ಚಿಪ್ಸ್. ನಮ್ಮ ಬೇಕರಿಯ ತೆಳು ಚಿಪ್ಸ್ ಅಲ್ಲ, ಬೆರಳು ದಪ್ಪದ ಆಲೂಗಡ್ಡೆ ತುಂಡು. ಮೇಲೆ ಉಪ್ಪು, ವಿನಿಗರ್. ಬ್ರಿಟನ್ನಿನಲ್ಲಿ 1860ರ ದಶಕದಿಂದ ದುಡಿಯುವ ಜನರ ಹೊಟ್ಟೆ ತುಂಬಿಸಿದ ಊಟ ಇದು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆ, ಬೆಣ್ಣೆ, ಮಾಂಸಕ್ಕೆಲ್ಲ ರೇಷನ್ ಬಂದರೂ ಮೀನು-ಚಿಪ್ಸಿಗೆ ಅಲ್ಲಿನ ಸರ್ಕಾರ ರೇಷನ್ ಹಾಕಲಿಲ್ಲ.

2019ರ ಜುಲೈನಲ್ಲಿ ಇದರ ಸರಾಸರಿ ಬೆಲೆ 6.48 ಪೌಂಡ್. 2024ರ ಜುಲೈಗೆ 9.88 ಪೌಂಡ್. ಇದು ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯ ಲೆಕ್ಕ. ಐದೇ ವರ್ಷದಲ್ಲಿ ಶೇ 50 ದಾಟಿತು. ಪಿಜ್ಜಾ, ಕಬಾಬ್, ಇಂಡಿಯನ್ ಪಾರ್ಸೆಲ್ ಊಟ ಎಲ್ಲವೂ ಏರಿವೆ, ಆದರೆ ಇಷ್ಟು ಏರಿಲ್ಲ.

ಕಾರಣ ಡಬ್ಬಿಯೊಳಗೇ ಇದೆ. ಪಿಜ್ಜಾದಲ್ಲಿ ಬಹುಪಾಲು ಮೈದಾ. ಕರಿ ಮಾಡೋರು ಗ್ರೇವಿ ಸ್ವಲ್ಪ ಹೆಚ್ಚಿಸಿ ತುಂಡು ಒಂದು ಕಡಿಮೆ ಮಾಡಬಹುದು. ಇಲ್ಲಿ ಮೀನು, ಆಲೂಗಡ್ಡೆ, ಎಣ್ಣೆ, ಹಿಟ್ಟು ನಾಲ್ಕೇ ಸಾಮಾನು. ಒಂದರ ಬೆಲೆ ಏರಿದರೆ ಇನ್ನೊಂದರಲ್ಲಿ ಸರಿದೂಗಿಸಲು ಜಾಗವೇ ಇಲ್ಲ. ಆ ನಾಲ್ಕೂ ಹೆಚ್ಚುಕಡಿಮೆ ಒಟ್ಟಿಗೇ ಏರಿದವು.

ಡಬ್ಬಿಯ ಬೆಲೆ ಹತ್ತು ಪೌಂಡ್ ಅಂತ ಇಟ್ಟುಕೊಂಡು ಬಿಡಿಸಿ ನೋಡೋಣ.

[ದೃಶ್ಯ: ಹೆಪ್ಪುಗಟ್ಟಿದ ಮೀನಿನ ಚಪ್ಪಟೆ ಗಟ್ಟಿ, ಪಕ್ಕದಲ್ಲಿ ತಕ್ಕಡಿ]

ಮೊದಲು ಮೀನು. ಬ್ರಿಟನ್ ಸುತ್ತ ಸಮುದ್ರವೇ ಇದ್ದರೂ ಅಲ್ಲಿ ತಿನ್ನುವ ಕಾಡ್ ಮತ್ತು ಹ್ಯಾಡಕ್ ಬಹುಪಾಲು ನಾರ್ವೆ, ಐಸ್‌ಲ್ಯಾಂಡ್, ರಷ್ಯಾ ಕಡೆಯ ತಣ್ಣನೆ ನೀರಿನಿಂದ ಬರುತ್ತೆ. ಐಸ್‌ಲ್ಯಾಂಡ್ 1970ರ ದಶಕದಲ್ಲಿ ತಾನು ಮಾತ್ರ ಮೀನು ಹಿಡಿಯುವ ಕಡಲಿನ ಗಡಿಯನ್ನ 200 ನಾಟಿಕಲ್ ಮೈಲಿಗೆ ಚಾಚಿದ ಮೇಲೆ ಬ್ರಿಟನ್ನಿನ ಹಲ್, ಗ್ರಿಮ್ಸ್‌ಬಿ ಬಂದರುಗಳ ದೂರಸಮುದ್ರದ ದೋಣಿಗಳಿಗೆ ಕೆಲಸ ಇಲ್ಲದಾಯ್ತು. ಈಗ ಈ ಮೀನಿನ ದೊಡ್ಡ ತವರು ನಾರ್ವೆ, ರಷ್ಯಾದ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರ. ಅಲ್ಲಿ ವರ್ಷಕ್ಕೆ ಎಷ್ಟು ಹಿಡಿಯಬಹುದು ಅಂತ ನಾರ್ವೆ, ರಷ್ಯಾ ಕೂತು ತೀರ್ಮಾನಿಸುತ್ತವೆ. 2021ರಲ್ಲಿ ಕಾಡ್ ಮಿತಿ 8,85,600 ಟನ್. 2024ರಲ್ಲಿ 4,53,427 ಟನ್. 2025ಕ್ಕೆ 3,40,000 ಟನ್. ನಾಲ್ಕು ವರ್ಷದಲ್ಲಿ ಶೇ 60ಕ್ಕೂ ಹೆಚ್ಚು ಕಡಿತ! ಮಿತಿ ಇಳಿಸಿದ್ದಕ್ಕೆ ಮೀನು ತುಟ್ಟಿ ಆಯ್ತು ಅಂತ ಬೈಯೋರಿದ್ದಾರೆ. ಮರಿ ಮೀನು ಸಾಲದಾಗಿ ಸಂಖ್ಯೆ ಕುಸಿದಿದ್ದಕ್ಕೇ ಮಿತಿ ಇಳಿದದ್ದು. ಈಗ ತಡೆಯದಿದ್ದರೆ ಮುಂದೆ ಹಿಡಿಯಲು ಮೀನೇ ಇರಲ್ಲ. ಈ ಕಡಿತ ಬೇಕಾಗಿತ್ತು.

ಇದರ ಮೇಲೆ ಉಕ್ರೇನ್ ಯುದ್ಧ. 2022ರ ಜುಲೈನಿಂದ ರಷ್ಯಾದ ಬಿಳಿ ಮೀನಿಗೆ, ಅಂದರೆ ಕಾಡ್, ಹ್ಯಾಡಕ್ ಇಂಥವಕ್ಕೆ, ಬ್ರಿಟನ್ ಶೇ 35 ಹೆಚ್ಚುವರಿ ಸುಂಕ ಹಾಕಿತು.

ಅಂಗಡಿಯವನ ಲೆಕ್ಕಕ್ಕೆ ಬರೋಣ. ಮೀನು ಬರೋದು ಹಡಗಿನಲ್ಲೇ ಮುಳ್ಳು ಬಿಡಿಸಿ, ಹಿಡಿದ ಕೆಲವೇ ಗಂಟೆಯಲ್ಲಿ ಹೆಪ್ಪುಗಟ್ಟಿಸಿದ ಪೆಟ್ಟಿಗೆಯಲ್ಲಿ. ಒಂದು ಪೆಟ್ಟಿಗೆಯಲ್ಲಿ 15 ಪೌಂಡ್ ತೂಕದ ಮೂರು ಗಟ್ಟಿ, ಒಟ್ಟು 45 ಪೌಂಡ್ ತೂಕ, ಅಂದರೆ ಸುಮಾರು 20.4 ಕಿಲೋ. ತುಂಡಿಗೆ 6 ಔನ್ಸ್, ಅಂದರೆ 170 ಗ್ರಾಂ ಇಟ್ಟರೆ ಸರಿಯಾಗಿ 120 ತುಂಡು. ಪೆಟ್ಟಿಗೆಗೆ 100 ಪೌಂಡ್ ದುಡ್ಡು ಏರಿತು ಅಂದರೆ ತುಂಡಿಗೆ 83 ಪೆನ್ಸ್ (ನೂರು ಪೆನ್ಸಿಗೆ ಒಂದು ಪೌಂಡ್). ಅದರ ಮೇಲೆ ಶೇ 20 ತೆರಿಗೆ ಸೇರಿದರೆ ಗಿರಾಕಿಗೆ 1 ಪೌಂಡ್. ಪೆಟ್ಟಿಗೆಗೆ ನೂರು, ಅಂಗಡಿಯ ಬೆಲೆ ಬೋರ್ಡಿಗೆ ಒಂದು. ಈ ಸೂತ್ರ ನೆನಪಿಟ್ಟುಕೊಳ್ಳಿ. ತುಂಡು 8 ಔನ್ಸ್ ಆದರೆ ಪೆಟ್ಟಿಗೆಗೆ 90 ತುಂಡು ಮಾತ್ರ. ಅದಕ್ಕೇ ಎಷ್ಟೋ ಅಂಗಡಿ ಈಗ ಬೆಲೆ ಏರಿಸೋ ಬದಲು ತುಂಡನ್ನ ಒಂದು ಔನ್ಸ್ ಇಳಿಸ್ತಾವೆ.

ಈ ಲೆಕ್ಕ ನಿಲ್ಲೋದು ಒಂದು ತುಂಡೂ ಹಾಳಾಗದಿದ್ದರೆ. ಹಾಳಾಗೋದು ಸಾಮಾನ್ಯವಾಗಿ ಕರಗಿಸುವಾಗ. ಗಟ್ಟಿಯನ್ನ ರಾತ್ರಿಯಿಡೀ ಫ್ರಿಜ್ಜಿನಲ್ಲಿ, 0ರಿಂದ 4 ಡಿಗ್ರಿಯಲ್ಲಿ, ನೀರು ಬಸಿದು ಹೋಗುವ ತಟ್ಟೆಯ ಮೇಲೆ ಇಡಬೇಕು. ಅವಸರಕ್ಕೆ ಬಿಸಿನೀರಿಗೆ ಹಾಕಿದರೆ ಹೊರಗೆ ಮೆತ್ತಗಾಗಿ ಒಳಗೆ ಮಂಜು ಉಳಿಯುತ್ತೆ, ಮೀನಿನ ರಸ ಸೋರುತ್ತೆ. ದುಡ್ಡು ಕೊಟ್ಟ ತೂಕ ಮೋರಿಗೆ ಹೋಯ್ತು ಅಂತ ಅರ್ಥ. ಒದ್ದೆ ಮೀನಿಗೆ ಹಿಟ್ಟು ಹಿಡಿಯೋದೂ ಇಲ್ಲ. ಬಟ್ಟೆಯಿಂದ ಒತ್ತಿ ಒಣಗಿಸಿ, ಒಣ ಮೈದಾದಲ್ಲಿ ಹೊರಳಿಸಿ, ಆಮೇಲೆ ತಣ್ಣಗಿನ ಹಿಟ್ಟಿಗೆ ಅದ್ದಬೇಕು. ಒಣ ಮೈದಾ ಬಿಟ್ಟರೆ ಕರಿದ ಮೇಲೆ ಹಿಟ್ಟಿನ ಚಿಪ್ಪು ಒಂದು ಕಡೆ, ಮೀನು ಒಂದು ಕಡೆ.

[ದೃಶ್ಯ: 25 ಕಿಲೋ ಕಾಗದದ ಚೀಲ, ಸಿಪ್ಪೆ ತೆಗೆಯುವ ಯಂತ್ರ]

ಆಲೂಗಡ್ಡೆ. 25 ಕಿಲೋ ಚೀಲ ತಂದರೆ ಸಿಪ್ಪೆ, ಕಣ್ಣು, ಕಪ್ಪು ಕಲೆ ಎಲ್ಲ ಹೋಗಿ ಸುಮಾರು 20 ಕಿಲೋ ಕೈಗೆ ಬರುತ್ತೆ. ಕರಿಯುವಾಗ ನೀರು ಆವಿಯಾಗಿ ಅದು ಸುಮಾರು 13 ಕಿಲೋಗೆ ಇಳಿಯುತ್ತೆ. ಡಬ್ಬಿಗೆ 325 ಗ್ರಾಂ ಹಾಕಿದರೆ ಚೀಲಕ್ಕೆ 40 ಡಬ್ಬಿ. ಚೀಲದ ಬೆಲೆ 10 ಪೌಂಡ್ ಏರಿದರೆ ಡಬ್ಬಿಗೆ 25 ಪೆನ್ಸ್, ತೆರಿಗೆ ಸೇರಿ 30. 2022ರ ಬೇಸಿಗೆ ಒಣಗಿತು, 2023ರ ಶರತ್ಕಾಲದಲ್ಲಿ ಮಳೆ ನಿಲ್ಲದೆ ಗಡ್ಡೆ ಮಣ್ಣಲ್ಲೇ ಉಳಿಯಿತು. ಶೇಖರಣೆಯಲ್ಲಿ ಮೊಳಕೆ ತಡೆಯುತ್ತಿದ್ದ ಕ್ಲೋರ್‌ಪ್ರೊಫಾಮ್ ಅನ್ನೋ ಅಗ್ಗದ ಔಷಧಿಯನ್ನ 2020ರಲ್ಲಿ ನಿಲ್ಲಿಸಿದ್ದರಿಂದ ದುಬಾರಿ ದಾರಿಗಳೇ ಉಳಿದವು. ಹಾಗಂತ ಮೊಳಕೆ ಬರದಿರಲಿ ಎಂದು ತೀರಾ ತಣ್ಣಗೆ, 6 ಡಿಗ್ರಿಗಿಂತ ಕೆಳಗೆ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತೆ. ಆ ಗಡ್ಡೆ ಎಣ್ಣೆಗೆ ಬಿದ್ದ ಕೂಡಲೇ ಕಂದಾಗುತ್ತೆ, ಒಳಗೆ ಬೇಯುವ ಮೊದಲೇ ಕಹಿ. ಚೀಲಗಟ್ಟಲೆ ಎಸೆಯಬೇಕಾಗುತ್ತೆ.

ಎಣ್ಣೆ ಕಥೆ ನಮಗೂ ಗೊತ್ತು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಬೆಂಗಳೂರಿನ ದಿನಸಿ ಅಂಗಡಿಯಲ್ಲೂ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ಟಿನ ಬೆಲೆ ಹಾರಿತ್ತು. ಅದೇ ಏಟು ಅಲ್ಲಿನ ಬಾಣಲೆಗೂ ಬಿತ್ತು. ಏಪ್ರಿಲ್ 28ರಿಂದ ಮೂರು ವಾರಕ್ಕೂ ಹೆಚ್ಚು ಕಾಲ ಇಂಡೊನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿದ್ದು ಇನ್ನೊಂದು ಏಟು.

ಎಣ್ಣೆ ದುಬಾರಿ ಆದಾಗ ಅಂಗಡಿಯವರು ಮಾಡುವ ದೊಡ್ಡ ತಪ್ಪು ಏನು ಗೊತ್ತಾ? ಉಳಿಸೋಕೆ ಅಂತ ಉರಿ ಇಳಿಸೋದು. ಮೀನು ಕರಿಯಲು ಎಣ್ಣೆ 180ರಿಂದ 185 ಡಿಗ್ರಿ ಇರಬೇಕು. ಆ ಬಿಸಿಯಲ್ಲಿ ಹಿಟ್ಟಿನೊಳಗಿನ ನೀರು ಆವಿಯಾಗಿ ರಭಸದಿಂದ ಹೊರಗೆ ತಳ್ಳುತ್ತೆ, ಎಣ್ಣೆಯನ್ನ ಒಳಗೆ ಬಿಡೋಲ್ಲ. 160ಕ್ಕೆ ಇಳಿದರೆ ಪದರ ಗಟ್ಟಿಯಾಗಲು ತಡವಾಗಿ ಎಣ್ಣೆ ಒಳಗೆ ಸೇರುತ್ತೆ. ತಣ್ಣನೆ ತುಂಡು ಒಂದೇ ಸಲ ಜಾಸ್ತಿ ಬಿಟ್ಟರೂ ಇದೇ ಗತಿ. ಇನ್ನೊಂದು ವಿಷಯ, ತಿಂಡಿ ಎಣ್ಣೆ ಕುಡಿಯೋದು ಬಹುಪಾಲು ಬಾಣಲೆಯಿಂದ ತೆಗೆದ ಮೇಲೆ. ಆವಿ ತಣಿದಾಗ ಮೇಲ್ಮೈಯ ಎಣ್ಣೆ ಒಳಕ್ಕೆ ಎಳೆದುಕೊಳ್ಳುತ್ತೆ. ಹಾಗಾಗಿ ಜಾಲರಿಯಲ್ಲಿ ಕೂಡಲೇ ಚೆನ್ನಾಗಿ ಕೊಡವಿದರೆ ಎಣ್ಣೆಯೂ ಉಳಿಯಿತು, ತಿನ್ನೋರ ಹೊಟ್ಟೆಯೂ ಉಳಿಯಿತು. ಬಾಣಲೆಯ ಮೇಲೆ ಉಪ್ಪು ಉದುರಿಸಬಾರದು. ಹಿಟ್ಟಿನ ಚೂರನ್ನ ಆಗಾಗ ಸೋಸಿ ತೆಗೆಯಬೇಕು. ಎರಡೂ ಎಣ್ಣೆಯನ್ನ ಬೇಗ ಕೆಡಿಸುತ್ತವೆ.

[ದೃಶ್ಯ: ಅಂಗಡಿಯ ಬಾಗಿಲಲ್ಲಿ "ಮಧ್ಯಾಹ್ನ ಮುಚ್ಚಿರುತ್ತದೆ" ಎಂಬ ಫಲಕ]

ಗ್ಯಾಸ್ ಮತ್ತು ಕೂಲಿ. ಮನೆಗಳ ಗ್ಯಾಸ್ ದರಕ್ಕೆ ಬ್ರಿಟನ್ನಿನಲ್ಲಿ ಮಿತಿ ಇದೆ, ಅಂಗಡಿಗೆ ಅಂಥ ಮಿತಿ ಇಲ್ಲ. ಗಿರಾಕಿ ಬರಲಿ ಬಿಡಲಿ, ಒಲೆ ಹಚ್ಚಿದ ಮೇಲೆ ಎಣ್ಣೆ ಬಿಸಿಯಾಗಿಯೇ ಇರಬೇಕು. ಮಧ್ಯಾಹ್ನ ಹತ್ತು ಜನ ಬರುವ ಅಂಗಡಿಗೆ ಆ ಹೊತ್ತಿನ ಗ್ಯಾಸ್ ಖರ್ಚೇ ಹುಟ್ಟಲ್ಲ. ಅದಕ್ಕೇ ಬಾಗಿಲಲ್ಲಿ ಈ ಫಲಕ.

ವಯಸ್ಕರ ಕನಿಷ್ಠ ಕೂಲಿ 2019ರ ಏಪ್ರಿಲ್‌ನಲ್ಲಿ ಗಂಟೆಗೆ 8.21 ಪೌಂಡ್, 2025ರ ಏಪ್ರಿಲ್‌ಗೆ 12.21. ಸರಿಯಾಗಿ 4 ಪೌಂಡ್ ಏರಿಕೆ. ಮೂರು ಜನ ಆರು ಗಂಟೆ ದುಡಿದರೆ 18 ಗಂಟೆ, ಒಂದು ಸಂಜೆಗೆ 72 ಪೌಂಡ್ ಹೆಚ್ಚು. 120 ಡಬ್ಬಿ ಮಾರಿದರೆ ಡಬ್ಬಿಗೆ 60 ಪೆನ್ಸ್, ತೆರಿಗೆ ಸೇರಿ 72. ಕಾದ ಎಣ್ಣೆಯ ಮುಂದೆ ನಿಂತು ದುಡಿಯೋರಿಗೆ ಅದು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ 2025ರ ಏಪ್ರಿಲ್‌ನಿಂದ ಕೆಲಸದವರ ಸಂಬಳದ ಮೇಲೆ ಮಾಲೀಕರು ಸರ್ಕಾರಕ್ಕೆ ಕಟ್ಟುವ ರಾಷ್ಟ್ರೀಯ ವಿಮೆಯ ಪಾಲು ಶೇ 13.8ರಿಂದ 15ಕ್ಕೆ ಏರಿತು. ಡಬ್ಬಿ ಕೂಡ ತುಟ್ಟಿ: ಇಂಗ್ಲೆಂಡಿನಲ್ಲಿ 2023ರ ಅಕ್ಟೋಬರ್ 1ರಿಂದ ಅಗ್ಗದ ಥರ್ಮೋಕೋಲ್ ಡಬ್ಬಿ ನಿಷೇಧವಾಗಿ ರಟ್ಟಿನ ಡಬ್ಬಿ ಬಂತು.

ಇಲ್ಲಿವರೆಗೆ ಪ್ರತಿ ಲೆಕ್ಕದ ಕೊನೆಗೂ "ತೆರಿಗೆ ಸೇರಿ" ಅಂತ ಹೇಳುತ್ತಾ ಬಂದೆವು. ಈ ವಿಡಿಯೋದಲ್ಲಿ ಮುಖ್ಯವಾಗಿ ಹೇಳಬೇಕಾದ್ದು ಅದೇ.

[ದೃಶ್ಯ: ಹತ್ತು ನಾಣ್ಯಗಳ ಸಾಲಿನಿಂದ ಒಂದೂ ಮುಕ್ಕಾಲಿನಷ್ಟು ಪಕ್ಕಕ್ಕೆ ಸರಿಯುತ್ತದೆ]

ಹತ್ತು ಪೌಂಡಿನಲ್ಲಿ ಆರನೇ ಒಂದು ಭಾಗ, 1.67 ಪೌಂಡ್, ನೇರ ಸರ್ಕಾರಕ್ಕೆ. ಅಲ್ಲಿ ಬಿಸಿ ಪಾರ್ಸೆಲ್ ಊಟಕ್ಕೆ ಶೇ 20 ವ್ಯಾಟ್. 1984ರಲ್ಲಿ ಹಾಕಿದ್ದು. ನಮ್ಮಲ್ಲಿ ಸಾಮಾನ್ಯ ಹೋಟೆಲಿನ ಪಾರ್ಸೆಲ್ಲಿಗೆ ಶೇ 5 ಜಿಎಸ್‌ಟಿ ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿ. ಅಂಗಡಿಯಿಂದ ಒಯ್ಯುವ ತಣ್ಣನೆ ಸ್ಯಾಂಡ್‌ವಿಚ್ಚಿಗೆ ಅಲ್ಲಿ ಸೊನ್ನೆ. ಸೂಪರ್ ಮಾರ್ಕೆಟ್ಟಿನ ಹೆಪ್ಪುಗಟ್ಟಿದ ಮೀನಿಗೂ ಸೊನ್ನೆ. ಚಿಪ್ಸನ್ನ ತಣ್ಣಗೆ ಮಾರೋಕಾಗುತ್ತಾ?

ಇದರೊಳಗೆ ಇನ್ನೊಂದು ಗಂಟಿದೆ. ವ್ಯಾಪಾರಿ ತಾನು ಕೊಂಡ ಸಾಮಾನಿಗೆ ಕಟ್ಟಿದ ವ್ಯಾಟನ್ನ ಲೆಕ್ಕದಲ್ಲಿ ಕಳೆದು ಉಳಿದದ್ದು ಕಟ್ಟೋದು ನಿಯಮ. ಆದರೆ ಮೀನು, ಆಲೂಗಡ್ಡೆ, ಹಿಟ್ಟು, ಅಡುಗೆ ಎಣ್ಣೆಗೆ ವ್ಯಾಟ್ ಸೊನ್ನೆ, ಕಳೆಯಲು ಏನೂ ಇಲ್ಲ. ಗ್ಯಾಸ್, ಡಬ್ಬಿ ಇಂಥವುಗಳದ್ದಷ್ಟೇ ವಾಪಸ್. ಕೂಲಿಗಂತೂ ಪ್ರಶ್ನೆಯೇ ಇಲ್ಲ. ಅಂದರೆ ಮೀನಿನ ಬೆಲೆ ಏರಿದಷ್ಟೂ ಆ ಏರಿಕೆಯ ಐದನೇ ಒಂದು ಪಾಲಿನಷ್ಟು ತೆರಿಗೆಯೂ ಏರುತ್ತೆ. ವರ್ಷದ ವಹಿವಾಟು 90,000 ಪೌಂಡಿನ ಒಳಗಿದ್ದರೆ ವ್ಯಾಟ್ ಇಲ್ಲ, ನಿಜ. ಆದರೆ ಅದು ವಾರಕ್ಕೆ ಸುಮಾರು 173 ಡಬ್ಬಿ. ಅಷ್ಟು ಮಾರಿ ಮೂರು ಜನಕ್ಕೆ ಕೂಲಿ ಕೊಡೋಕಾಗಲ್ಲ.

ಕೋವಿಡ್ ಕಾಲದಲ್ಲಿ, 2020ರ ಜುಲೈ 15ರಿಂದ, ಇದೇ ತೆರಿಗೆ ಶೇ 5ಕ್ಕೆ ಇಳಿದಿತ್ತು. 2021ರ ಅಕ್ಟೋಬರ್‌ನಲ್ಲಿ 12.5. 2022ರ ಏಪ್ರಿಲ್ 1ಕ್ಕೆ ಮತ್ತೆ 20. ಆ ದಿನವನ್ನ ಗಮನಿಸಿ. ಉಕ್ರೇನ್ ಯುದ್ಧ ಶುರುವಾಗಿ ಐದೇ ವಾರ. ಎಣ್ಣೆ, ಗ್ಯಾಸ್ ಉರಿಯುತ್ತಿವೆ. ಅದೇ ದಿನ ಕನಿಷ್ಠ ಕೂಲಿ 8.91ರಿಂದ 9.50ಕ್ಕೆ. ಅದೇ ದಿನ ತೆರಿಗೆಯೂ ಹಳೆಯ ಮಟ್ಟಕ್ಕೆ. ಮೀನಿನ ಸಂಖ್ಯೆ, ಮಳೆ, ಯುದ್ಧ ಯಾವುದೂ ಲಂಡನ್ನಿನ ಹಣಕಾಸು ಸಚಿವರ ಕೈಯಲ್ಲಿಲ್ಲ, ತೆರಿಗೆಯ ದರ ಮಾತ್ರ ಇದೆ. ಅದು ಶೇ 12.5ರಲ್ಲೇ ಉಳಿದಿದ್ದರೆ ಈ ಹತ್ತು ಪೌಂಡಿನ ಡಬ್ಬಿ 9.38ಕ್ಕೆ ಸಿಗಬಹುದಿತ್ತು. ಬಡವರ ಬಿಸಿ ಊಟಕ್ಕೆ ಇಷ್ಟು ತೆರಿಗೆ ತಪ್ಪು, ಇಳಿಸಬೇಕು ಅನ್ನೋದು ನಮ್ಮ ಅಭಿಪ್ರಾಯ.

[ದೃಶ್ಯ: ಮೊಬೈಲ್ ಪರದೆ, ಆರ್ಡರ್ ಆ್ಯಪ್]

ಕೊನೆಗೆ, ಬ್ರಿಟನ್ನಿನಲ್ಲಿ ಇರೋರಿಗೆ, ಹೋಗೋರಿಗೆ ಒಂದಿಷ್ಟು. ಆ್ಯಪಿನಲ್ಲಿ ತರಿಸಬೇಡಿ. ಕಮಿಷನ್ ಶೇ 30ರ ಆಸುಪಾಸು ಇದ್ದರೆ ಹತ್ತು ಪೌಂಡಿನಲ್ಲಿ 3 ಪೌಂಡ್ ಅದಕ್ಕೆ, 1.67 ತೆರಿಗೆಗೆ, ಅಂಗಡಿಗೆ ಉಳಿಯೋದು 5.33. ಅದಕ್ಕೇ ಆ್ಯಪಿನಲ್ಲಿ ಬೆಲೆಯನ್ನೇ ಹೆಚ್ಚು ಬರೆದಿರ್ತಾರೆ. ಹೇಗೂ ಮುಚ್ಚಿದ ಡಬ್ಬಿಯಲ್ಲಿ ಇಪ್ಪತ್ತು ನಿಮಿಷ ಕೂತ ಮೀನು ತನ್ನ ಹಬೆಯಲ್ಲೇ ಮೆತ್ತಗಾಗಿರುತ್ತೆ. ನಡೆದು ಹೋಗಿ, ಫೋನಿನಲ್ಲಿ ಮೊದಲೇ ಹೇಳಿ, ಡಬ್ಬಿಯ ಮುಚ್ಚಳ ಸ್ವಲ್ಪ ತೆರೆದೇ ತನ್ನಿ. ಇಬ್ಬರಿಗೆ ಎರಡು ಮೀನು, ಒಂದು ಚಿಪ್ಸ್ ಸಾಕು. ಕಾಡ್ ಬದಲು ಕೋಲಿ ಅಥವಾ ಪೊಲಾಕ್ ಇದೆಯಾ ಅಂತ ಕೇಳಿ. ಬಣ್ಣ ಸ್ವಲ್ಪ ಮಂಕು, ಕರಿದ ಮೇಲೆ ರುಚಿಯಲ್ಲಿ ಕೊರತೆಯಿಲ್ಲ, ಬೆಲೆ ಸಾಮಾನ್ಯವಾಗಿ ಕಡಿಮೆ.

ಇನ್ನೊಂದು, ಇದು ದುಡ್ಡಿನ ವಿಷಯ ಅಲ್ಲ. ಯಾರ್ಕ್‌ಶೈರ್ ಮತ್ತು ಉತ್ತರ ಇಂಗ್ಲೆಂಡಿನ ಎಷ್ಟೋ ಅಂಗಡಿಗಳಲ್ಲಿ ಕರಿಯೋದು ಎಣ್ಣೆಯಲ್ಲಲ್ಲ, ದನದ ಕೊಬ್ಬಿನಲ್ಲಿ. ಬರೀ ಚಿಪ್ಸ್ ತಾನೇ, ಸಸ್ಯಾಹಾರ ಅಂತ ಅಂದುಕೊಂಡು ತಿನ್ನಬೇಡಿ. ಆರ್ಡರ್ ಕೊಡೋ ಮೊದಲೇ "ಬೀಫ್ ಡ್ರಿಪ್ಪಿಂಗಾ, ವೆಜಿಟಬಲ್ ಆಯಿಲ್ಲಾ?" ಅಂತ ಕೇಳಿ. ಎಣ್ಣೆ ಅಂದರೂ, ಅದೇ ಬಾಣಲೆಯಲ್ಲಿ ಮೀನೂ ಕರಿಯುತ್ತಾರಾ, ಚಿಪ್ಸಿಗೆ ಬೇರೆ ಬಾಣಲೆ ಇದೆಯಾ ಅನ್ನೋದನ್ನೂ ಕೇಳಿ.